ಜಪಾನ್ ದೇಶದ ಷಿಮೊತ್ಸುಗ ಗುನ್ ಮತ್ತು ಅದರ ಆಡಳಿತದ ಚರಿತ್ರೆ

ಜಪಾನ್ ದೇಶವು “ಕೆನ್” ಎಂಬ ಪ್ರಾಂತಗಳಾಗಿಯೂ, ಪ್ರಾಂತದ ಗ್ರಾಮಾಂತರ ಭಾಗವು “ಗುನ್”ಗಳಾಗಿಯೂ, ಗುನ್ ಸಣ್ಣ ಪಟ್ಟಣ ಮತ್ತು ಗ್ರಾಮಗಳಾಗಿಯೂ ವಿಂಗಡಿಸಲ್ಪಟ್ಟಿರುವುದು. ಗುನ್ ಎಂಬುದನ್ನು ಹೆಚ್ಚು ಕಡಮೆ ನಮ್ಮ ತಾಲ್ಲೂಕಿಗೆ ಹೋಲಿಸಬಹುದು. ಆದರೆ ತಾಲ್ಲೂಕಿಗೆ ಕಚೇರಿಯುಂಟು, ಅಧಿಕಾರಿಯುಂಟು; ಗುನ್‌ಗೆ ಈಗ ಅವೆರಡೂ ಇಲ್ಲ. ವಿಳಾಸ ಬರೆಯುವಾಗಲೂ ನಕ್ಷೆಯಲ್ಲಿಯೂ ಅದರ ಹೆಸರು ಉಳಿದುಬಂದಿದೆ, ಅಷ್ಟೆ. ಇದು ಹೇಗಾಯಿತೆಂಬುದನ್ನು ತೊಚಿಗಿ ಪ್ರಾಂತದ ಷಿಮೊತ್ಸುಗ ಎಂಬ ಒಂದು ಗುನ್‌ನ ವೃತ್ತಾಂತದಿಂದ ತಿಳಿಯಬಹುದಾಗಿದೆ. ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ಈ ವೃತ್ತಾಂತದಲ್ಲಿ ಆಲೋಚಿಸತಕ್ಕ ವಿಷಯಗಳು ಕೆಲವುಂಟು.

ತೊಕುಗಾವ ಪ್ರಭುಗಳ ಕಾಲದಲ್ಲಿ ಗುನ್ ಎಂಬುದು ಹೆಸರಿಗೆ ಮಾತ್ರ ಇದ್ದಿತು. ನಿಜವಾದ ಆಡಳಿತವು ಗ್ರಾಮದಲ್ಲಿಯೇ ನಡೆಯುತ್ತಿತ್ತು. ಪಟೇಲನಿಗೆ ಆ ಸೀಮೆಯಲ್ಲಿ “ನನುಷಿ” ಎಂದು ಹೆಸರು. ಅವನಿಗೆ ಸಹಾಯಕರಿದ್ದರು, ಅವರೆಲ್ಲರ ಲೆಕ್ಕಪತ್ರಗಳನ್ನು ನೋಡಿಕೊಳ್ಳಲು ರೈತರ ಪರವಾಗಿ ಒಬ್ಬ ಪ್ರತಿನಿಧಿಯೂ ಇದ್ದನು. ಕಂದಾಯವನ್ನು ಪ್ರಾಯಶಃ ಬತ್ತ ಅಕ್ಕಿಗಳ ರೂಪದಲ್ಲಿ ಇಡೀ ಗ್ರಾಮವೇ ಹೊಣೆಯಾಗಿ ಸಲ್ಲಿಸಬೇಕಾಗಿತ್ತು. ಒಬ್ಬನು ಕೊಡಲಾರದುದನ್ನು ಉಳಿದವರು ತುಂಬಬೇಕು. ಇದು ಭಾರವೇ ಸರಿ. ಆದರೆ ಸರ್ಕಾರಕ್ಕೆ ಹೊಣೆಗಾರನು ಗ್ರಾಮವೇ ಆದುದರಿಂದ ಗ್ರಾಮವನ್ನು ಕಡೆಗಣಿಸಲು ಯಾರಿಗೂ ಸಾಧ್ಯವಿರಲಿಲ್ಲ.

೧೮೬೮ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರವೇರ್ಪಟ್ಟಮೇಲೆ ಎಲ್ಲವೂ ಬೇಗಬೇಗನೆ ಮಾರ್ಪಟ್ಟಿತು. ೧೮೭೨ರಲ್ಲಿ ನನುಷಿಯ ಅಧಿಕಾರವು ರದ್ದಾಯಿತು. ೧೮೭೩ರ ಕಾನೂನಿನಂತೆ ಭೂಮಿಯ ಒಡೆಯನಿಗೆ ಹಕ್ಕುಪತ್ರವು ಕೊಡಲ್ಪಟ್ಟು, ಭೂಮಿಯ ಬೆಲೆಯಲ್ಲಿ ನೂರಕ್ಕೆ ೩ರಂತೆ ನಗದು ಕಂದಾಯವು ಗೊತ್ತಾಯಿತು. ರೈತರ ದಂಗೆಗಳಾದ ಮೇಲೆ ೧೮೭೭ರಲ್ಲಿ ಇದು ನೂರಕ್ಕೆ ಎರಡೂವರೆಗೆ ಇಳಿಯಿತು. ಹಿಡುವಳಿದಾರನಿಗೆ ಹಕ್ಕು ದೊರೆತದ್ದು ನಿಜ. ಗ್ರಾಮಕ್ಕಿದ್ದ ಹಿಂದಿನ ಬಲವು ಮಾತ್ರ ಸದ್ದಿಲ್ಲದೆ ಹೋಯಿತು.

೧೮೭೮ರಲ್ಲಿ ಗುನ್‌ಗೆ ಪುನಃ ಜೀವ ಬಂದಿತು. ಹಳೆಯ ತ್ಸುಗ ಗುನ್ ಎರಡಾಗಿ ಒಡೆದು, ಮೇಲಣ ತ್ಸುಗ ಎಂಬರ್ಥದ ಕಮಿತ್ಸುಗ, ಕೆಳಗಣ ತ್ಸುಗ ಎಂಬರ್ಥದ ಷಿಮೊತ್ಸುಗ ಎಂಬ ಹೆಸರುಗಳನ್ನು ಪಡೆಯಿತು. ಗುನ್‌ನ ಅಧಿಕಾರಿಯನ್ನು ಸರ್ಕಾರದವರೇ ನೇಮಿಸುತ್ತಿದ್ದರು. ೧೮೯೦ರ ಕಾನೂನಿನಂತೆ ಗುನ್‌ಗೊಂದು ಸಭೆಯು ಏರ್ಪಟ್ಟಿತು. ಅದರ ಕೆಲವು ಸದಸ್ಯರನ್ನು ದೊಡ್ಡ ಭೂಮಾಲೀಕರು ತಮ್ಮಲ್ಲಿಯೇ ಆರಿಸಿಕೊಳ್ಳತಕ್ಕದ್ದೆಂದಿತ್ತು. ಈ ವಿಶೇಷ ಹಕ್ಕು ೧೮೯೯ರಲ್ಲಿ ಹೋಯಿತು. ಈ ಮಧ್ಯೆ, ೧೮೮೯ನೆಯ ಇಸವಿ ಏಪ್ರಿಲ್ ೧ರಿಂದ, ದೇಶದ ಹಳ್ಳಿಗಳನ್ನು ಮುನ್ನೂರರಿಂದ ಐನೂರು ಮನೆಗಳಿಗೆ ಒಂದರಂತೆ ಕೂಡಿಸಲಾಯಿತು. ೭೧,೩೧೪ ಇದ್ದ ಗ್ರಾಮ ಪಟ್ಟಣಗಳು ೧೫,೮೫೯ಕ್ಕೆ ಇಳಿದುವು. ಷಿಮೊತ್ಸುಗದ ತೆಂಕಣ ತುದಿಯ ತಗ್ಗುಭೂಮಿಯಲ್ಲಿದ್ದ ಮೂರು ಹಳ್ಳಿಗಳು ಸೇರಿ ಯಾನಕ ಎಂಬ ಗ್ರಾಮವಾದುದು ಹೀಗೆ. ಸುಮಾರು ೪೫೦ ಮನೆಗಳು, ೨,೭೦೦ ಜನರು.

ಈ ಗುನ್‌ನ ಚರಿತ್ರೆಯಲ್ಲಿ ಮುಖ್ಯವಾದುದು ಯಾನಕದ ಸಂಗತಿಯೇ. ಕಮಿತ್ಸುಗದ ಬೆಟ್ಟಗಳಲ್ಲಿ ಅಷಿಯೊ ಎಂಬ ತಾಮ್ರದ ಗಣಿಯಿದ್ದಿತು. ಗಣಿಗಾಗಿ ಕಾಡು ಕಡಿದುದರಿಂದಲೂ, ಕುಲುಮೆಗಳ ಹೊಗೆಯಿಂದಲೂ ಬೆಟ್ಟಗಳು ಬೋಳಾದುವು. ಮಳೆನೀರು ನಿಲ್ಲದೆ ವತರಸೆ ನದಿಯಲ್ಲಿ ನೆರೆಯಾಗಿ ಇಳಿದು, ಗಣಿಯ ವಿಷದ ಕೆಸರನ್ನು ಕೆಳಗಣ ಗದ್ದೆಗಳ ಮೇಲೆ ಹರಡಿತು. ೧೮೯೦ ಮತ್ತು ೧೮೯೬ರ ನೆರೆಗಳಲ್ಲಿ ಪೈರು ಹಾಳಾದ ಗ್ರಾಮಗಳು ಬಹಳ. ಪಕ್ಕದ ಅಸೊ ಗುನ್‌ನಲ್ಲಿ ಹಿಂದೆ ತಾನೇ ನನುಷಿಯಾಗಿದ್ದ ತಾನಕ ಷೋಜೋ ಎಂಬ ಮಹನೀಯರು ೧೮೯೦ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಚುನಾಯಿತರಾಗಿ, ಹತ್ತು ವರ್ಷಗಳ ಕಾಲ ಈ ವಿಷಯವನ್ನು ಅಲ್ಲಿ ಎತ್ತುತ್ತಲೇ ಇದ್ದರು. ಫಲ ಕಾಣದೆ, ೧೯೦೧ರಲ್ಲಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಚಕ್ರವರ್ತಿಯ ಸಾರೋಟಿನ ಮುಂದೆ ಅರ್ಜಿ ಹಿಡಿದು ನಿಂತರು. ಅರ್ಜಿ ಸ್ವೀಕೃತವಾಗಲಿಲ್ಲ.

ಸರ್ಕಾರದವರು ಕಂಡುಕೊಂಡ ಉಪಾಯವೇನೆಂದರೆ, ನೆರೆಯ ನೀರು ನಿಲ್ಲುವುದಕ್ಕೆ ಯಾನಕ ಗ್ರಾಮವನ್ನೇ ಕೆರೆಯಂಗಳ ಮಾಡಿಬಿಡುವುದು. ೧೯೦೪ರ ಡಿಸೆಂಬರಿನಲ್ಲಿ ಪ್ರಾಂತದ ಸಭೆಯು ಭೂಮಿಯನ್ನು ಕೊಳ್ಳಲು ಹಣ ಮಂಜೂರು ಮಾಡಿತು. ಒಡೆದ ಕಟ್ಟೆಯು ಸರಿಯಾಗಿ ದುರಸ್ತಾಗಲಿಲ್ಲ. ಗ್ರಾಮಸ್ಥರು ತಾವೇ ಹಾಕಿಕೊಂಡ ಕಟ್ಟೆಯನ್ನು ಅಧಿಕಾರಿಗಳು ಕೆಡವಿಸಿದರು. ಗ್ರಾಮದ ಮುಖ್ಯಸ್ಥನ ಸ್ಥಾನದಲ್ಲಿ ಗುನ್ ಕಚೇರಿಯ ಗುಮಾಸ್ತನೊಬ್ಬನು ಕುಳಿತು ಕೆಲಸ ನಡೆಸಿದನು. ೧೯೦೬ರ ಏಪ್ರಿಲಿನಲ್ಲಿ, ನೆರೆಯ ಫುಜಿಯೊಕ ಪಟ್ಟಣದೊಡನೆ ಸೇರಬೇಕೆಂಬ ಸೂಚನೆಯನ್ನು ಗ್ರಾಮಸಭೆಯು ನಿರಾಕರಿಸಿತು. ಆದರೂ ಅದೇ ಜುಲೈ ೧ರಂದು ಯಾನಕವು ರದ್ದಾಗಿ ಫುಜಿಯೊಕದಲ್ಲಿ ಲೀನವಾಯಿತು. ಸಭೆಯನ್ನು ಕೊಟ್ಟವರೇ ಸಭೆಯ ಮಾತನ್ನು ಲೆಕ್ಕಿಸದಿರುವುದಾದರೆ ಅಂಥ ಸಭೆಯಿಂದ ಪ್ರಯೋಜನವೇನೆಂದು ಯಾರಿಗಾದರೂ ತೋರದಿರದು. ಬಿಟ್ಟುಹೋಗದೆ ಉಳಿದ ೧೬ ಮನೆಗಳನ್ನು ೧೯೦೭ರ ಜೂನ್ ಕೊನೆಯಿಂದ ಜುಲೈ ಮೊದಲಿನವರೆಗೆ ಬಲಾತ್ಕಾರವಾಗಿ ಕೆಡವಲಾಯಿತು. ಆ ಕುಟುಂಬದವರು ಗುಡಿಸಲು ಹಾಕಿಕೊಂಡು ಅಲ್ಲಿಯೇ ನಿಂತರು. ೧೯೦೪ರಿಂದ ಯಾನಕದಲ್ಲಿ ನೆಲೆಸಿದ್ದ ತಾನಕರು ೧೯೧೩ರಲ್ಲಿ ತೀರಿಕೊಂಡ ಮೇಲೂ ಬಿಡದೆ, ೧೯೧೭ರವರೆಗೆ ಇದ್ದರು. ಪರಿಹಾರವು ಕಡಮೆಯೆಂದು ಅವರು ಹೂಡಿದ್ದ ದಾವೆಯಲ್ಲಿ ೧೯೧೯ರಲ್ಲಿ ಮೇಲಣ ನ್ಯಾಯಸ್ಥಾನವು ಬೆಲೆಯನ್ನು ಹೆಚ್ಚಿಸಿತು. ಅಷ್ಟುಹೊತ್ತಿಗೆ ಭೂಮಿಯು ಜೌಗಾಗಿತ್ತು.

ಗ್ರಾಮವನ್ನು ಅಳಿಸಿದ ಗುನ್ ಆಡಳಿತವೂ ಬಹುಕಾಲ ಬಾಳಲಿಲ್ಲ. ಸ್ವಂತ ತೆರಿಗೆಯಿಲ್ಲದ, ಗ್ರಾಮಗಳಿಂದ ಹಣ ತರಿಸಿಕೊಂಡು ನಡೆಯಬೇಕಾದ ಈ ನಡುಮನೆಯು ಅನಾವಶ್ಯಕವೆಂದು ೧೯೨೧ರಲ್ಲಿ ಕಾನೂನಾಗಿ, ೧೯೨೩ರಲ್ಲಿ ಗುನ್ ಸಭೆಗಳೂ, ೧೯೨೬ರಲ್ಲಿ ಗುನ್ ಕಚೇರಿಗಳೂ ನಿಂತುಹೋದುವು. ತರುವಾಯ ೧೯೫೩ರ ಕಾನೂನಿನಿಂದಲೂ, ೧೯೯೯ರಿಂದೀಚಿನ ಪ್ರೋತ್ಸಾಹದಿಂದಲೂ ಗ್ರಾಮಗಳು ಮತ್ತೆ ಮತ್ತೆ ಕೂಡಿಸಲ್ಪಟ್ಟುವು. ಪಟ್ಟಣವೊಂದು ನಗರವಾದರೆ ಗುನ್‌ನಿಂದ ಹೊರಬೀಳುತ್ತದೆ; ಹೀಗಾಗಿ ಷಿಮೊತ್ಸುಗದಲ್ಲಿ ಈಗ ಉಳಿದಿರುವುದು ಮಿಬು ಮತ್ತು ನೊಗಿ ಎಂಬ ಎರಡು ಪಟ್ಟಣಗಳು ಮಾತ್ರ. ಯಾನಕವನ್ನು ನುಂಗಿದ ಫುಜಿಯೊಕವೂ ೨೦೧೦ರಲ್ಲಿ ತೊಚಿಗಿ ನಗರದಲ್ಲಿ ಕರಗಿತು.

ಹಳೆಯ ಗ್ರಾಮದ ನೆಲವು ಸುಮಾರು ೩೩ ಚದರ ಕಿಲೋಮೀಟರಿನ ನೆರೆತಡೆಯ ಬಯಲಿನಲ್ಲಿ ಸೇರಿದೆ. ಆಪು ಬೆಳೆದ ಈ ಜೌಗು ೨೦೧೨ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಅಲ್ಲಿ ಜಲಾಶಯವನ್ನು ಅಗೆಯುವಾಗ, ಗ್ರಾಮದ ಗೋರಿಗಳನ್ನು ಮುಟ್ಟಕೂಡದೆಂದು ಹಳೆಯ ಗ್ರಾಮಸ್ಥರ ವಂಶದವರು ಅಡ್ಡನಿಂತರು. ಗೋರಿಗಳು, ದೇವಸ್ಥಾನದ ದಿಣ್ಣೆ, ಗ್ರಾಮ ಕಚೇರಿಯ ನಿವೇಶನ ಇಷ್ಟನ್ನು ಬಿಟ್ಟು ಉಳಿದುದನ್ನು ಅಗೆದುದರಿಂದ, ಜಲಾಶಯದ ಅಂಚು ಅಲ್ಲಿ ಒಳಕ್ಕೆ ಬಾಗಿದೆ.