ಕನಸಿನೊಳಗೆ ಕಾಲೂರಿ

ಬೆಳಗಿನ ಜಾವದ ಕನಸು. ಹರಿಹರದ ಹರಿಹರೇಶ್ವರ ಗುಡಿಯ ಮಂಟಪದಲ್ಲಿ ನಿಂತಿದ್ದೆ. ತುಂಗಭದ್ರೆಯ ನೀರು ಒಳಗೇ ನುಗ್ಗಿ ಹರಿಯುತ್ತಿತ್ತು, ಕಾಲು ಮಾತ್ರ ಒದ್ದೆಯಾಗಿರಲಿಲ್ಲ. ‘ಅರೆ, ಇದು ಕನಸು!’ ಎಂದು ಹೊಳೆಯಿತು. ಹಿಗ್ಗಿನಿಂದ ಕೂಗಿಬಿಟ್ಟೆ. ಅಷ್ಟೇ, ಕಂಬಗಳು ಮಸುಕಾದವು. ದಾವಣಗೆರೆಯ ನಮ್ಮ ಮನೆಯ ಫ್ಯಾನಿನ ಸದ್ದು ಕೇಳಿಸಿತು.

ಕನಸು ಕಾಣುತ್ತಲೇ ಅದು ಕನಸೆಂದು ತಿಳಿಯುವುದಕ್ಕೆ ‘ಲೂಸಿಡ್ ಡ್ರೀಮ್’ ಎನ್ನುತ್ತಾರೆ. ಈ ಹೆಸರನ್ನು 1913ರಲ್ಲಿ ಬಳಕೆಗೆ ತಂದವರು ಡಚ್ ವೈದ್ಯ ಫ್ರೆಡರಿಕ್ ವಾನ್ ಈಡನ್. ಇದು ಬರೀ ಭ್ರಮೆಯಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿದ್ದು 1975ರಲ್ಲಿ, ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ. ಕನಸಿನ ನಿದ್ದೆಯಲ್ಲಿ ಕೈಕಾಲು ಅಲುಗುವುದಿಲ್ಲ, ಕಣ್ಣುಗುಡ್ಡೆ ಮಾತ್ರ ಚಲಿಸುತ್ತದೆ. ಹಾಗಾಗಿ ಅಲ್ಲಿನ ಸಂಶೋಧಕ ಕೀತ್ ಹರ್ನ್ ಅವರ ಪ್ರಯೋಗದಲ್ಲಿ ಮಲಗಿದ್ದಾತ, ಮೊದಲೇ ಮಾತಾಡಿಕೊಂಡಂತೆ, ಕನಸಿನೊಳಗಿಂದಲೇ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ಸನ್ನೆ ಮಾಡಿದ.

ತಿಳಿಯುವುದು ಸುಲಭ, ಉಳಿಯುವುದೇ ಕಷ್ಟ. ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ನಡೆಸಿದ ಸ್ಟೀಫನ್ ಲಾಬರ್ಜ್ ಇದಕ್ಕೆ ಎರಡು ಉಪಾಯ ಹೇಳಿದರು: ಕನಸು ಮಸುಕಾದಾಗ ಬುಗುರಿಯಂತೆ ಗಿರಗಿರನೆ ತಿರುಗುವುದು, ಇಲ್ಲವೇ ಅಂಗೈಗಳನ್ನು ಉಜ್ಜುವುದು. ಕನಸಿನ ಕೈಗೆ ಬಿಸಿ ತಟ್ಟುತ್ತಿರುವಷ್ಟು ಹೊತ್ತು, ಹಾಸಿಗೆಯಲ್ಲಿರುವ ಮೈಯ ಕಡೆ ಗಮನ ಜಾರುವುದಿಲ್ಲ. ನನಗಂತೂ ಕೈ ಉಜ್ಜುವುದೇ ಒಗ್ಗಿತು. ಅದಕ್ಕೂ ಮುನ್ನ ಮನಸ್ಸಿನ ಹಿಗ್ಗು ತಣಿಯಬೇಕು. ಇಂಥ ಕನಸಿಗಾಗಿ ನಿದ್ದೆಗೆಡುವುದು ಸಲ್ಲ. ಕನಸಿನ ನಿದ್ದೆ ದೀರ್ಘವಾಗುವುದೇ ರಾತ್ರಿಯ ಕೊನೆಯ ಪಾಲಿನಲ್ಲಿ.

ಕನಸನ್ನು ಹಿಡಿದಿಡುವ ಈ ಸ್ಪರ್ಶವನ್ನು ಹಗಲಲ್ಲೇ ರೂಢಿಸಿಕೊಳ್ಳಬೇಕೆಂದು ಈಗ ನಂಬಿದ್ದೇನೆ. ಬೆಣ್ಣೆ ದೋಸೆ ಮುರಿಯುವಾಗ ಬೆರಳಿಗೆ ತಾಗುವ ಬಿಸಿ, ಕರಗಿದ ಬೆಣ್ಣೆಯ ಜಿಡ್ಡು, ಎರಡನ್ನೂ ಗಮನಿಸುತ್ತೇನೆ. ಬಿಡುವಾದಾಗ ಹರಿಹರಕ್ಕೆ ಹೋಗಿ, 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಆ ಗುಡಿಯ ಕಂಬವೊಂದಕ್ಕೆ ಅಂಗೈ ಒತ್ತಿ ನಿಲ್ಲುತ್ತೇನೆ. ಕಡೆದ ಕಲ್ಲಿನ ಏಣುಗಳು ಒಂದೊಂದಾಗಿ ಕೈಗೆ ಸಿಗುತ್ತವೆ, ನಡುನಡುವೆ ತಣ್ಣನೆಯ ನುಣುಪು.

ಮುಂದಿನ ಸಲ ಕನಸಲ್ಲಿ ಅದೇ ಮಂಟಪ ಕಂಡಾಗ ಕೂಗಲಿಲ್ಲ. ಅಂಗೈ ಉಜ್ಜಿ ಕಂಬ ಮುಟ್ಟಿದೆ, ಅದೇ ತಂಪು. ಗರ್ಭಗುಡಿಯವರೆಗೂ ನಡೆದೆ. ಒಂದೇ ಕಡೆ ದಿಟ್ಟಿಸಿದರೂ ಕನಸು ಒಡೆಯುತ್ತದೆ ಎಂಬುದು ನೆನಪಿತ್ತು. ಮೂರ್ತಿಯ ಬಲಭಾಗದ ಶಿವನನ್ನೊಮ್ಮೆ ನೋಡಿದೆ, ಎಡಭಾಗದ ವಿಷ್ಣುವನ್ನೊಮ್ಮೆ, ಮತ್ತೆ ಶಿವನನ್ನು. ದೀಪ ಆರಲಿಲ್ಲ.