ಚಾರ್ಟ್‌ನಲ್ಲಿ ಇರದಿದ್ದ ಜಾತ್ರೆ

ಸಂದರ್ಶನದಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆ, ‘ಕ್ರಿಟಿಕಲ್ ಪಾತ್ ಅಂದರೇನು?’ ಎಂಟನೇ ಸೆಮಿಸ್ಟರ್‌ನಲ್ಲಿ ಬಾಯಿಪಾಠ ಮಾಡಿದ್ದನ್ನು ಗಡಗಡನೆ ಒಪ್ಪಿಸಿದೆ. ಕೆಲಸ ಸಿಕ್ಕಿತು. ಅದು ನಿಜಕ್ಕೂ ಏನು ಎಂದು ಅರ್ಥವಾಗಿದ್ದು ಮಾತ್ರ ಮೂರು ತಿಂಗಳ ನಂತರ. ಅದನ್ನು ಹೇಳಿಕೊಟ್ಟವರು ಯಾದಗಿರಿ ಕಡೆಯ ಒಬ್ಬ ಕಂಬಿ ಮೇಸ್ತ್ರಿ.

ಬೆಂಗಳೂರಿನ ಹೊರವಲಯದಲ್ಲಿ ಒಂಬತ್ತು ಮಹಡಿಯ ಅಪಾರ್ಟ್‌ಮೆಂಟ್. ನನ್ನ ಹುದ್ದೆ ‘ಪ್ಲಾನಿಂಗ್ ಎಂಜಿನಿಯರ್’. ಮನೆಯಲ್ಲಿ ಮೊದಲ ಪದವೀಧರ ನಾನೇ. ಆರು ತಿಂಗಳು ಪ್ರೊಬೇಷನ್, ಆಮೇಲೆ ಕಾಯಂ ಎಂದಿದ್ದರು. ಅಕ್ಟೋಬರಿನಲ್ಲಿ ಸೇರಿದವನಿಗೆ ತಗಡಿನ ಶೆಡ್ಡಿನಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್ ಕೊಟ್ಟರು. ಹೊರಗೆ ದೂಳು, ಒಳಗೆ ನನ್ನ ಬಣ್ಣಬಣ್ಣದ ಬಾರ್ ಚಾರ್ಟ್.

ಕ್ರಿಟಿಕಲ್ ಪಾತ್ ಎಂಬುದನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ಒಂದು ಮಹಡಿ ಏಳಬೇಕಾದರೆ ಮೊದಲು ಕಾಲಂ ಕಂಬಿ ಕಟ್ಟಬೇಕು, ಕಾಂಕ್ರೀಟ್ ತುಂಬಬೇಕು, ಸೆಂಟ್ರಿಂಗ್ ಹೊಡೆಯಬೇಕು, ಬೀಮು-ಸ್ಲ್ಯಾಬಿನ ಕಂಬಿ ಹಾಸಬೇಕು, ಕರೆಂಟಿನ ಪೈಪು ಇಳಿಸಬೇಕು, ಕೊನೆಗೆ ಮೋಲ್ಡ್ ಹಾಕಬೇಕು. ಇದರಲ್ಲಿ ಯಾವುದು ಒಂದು ದಿನ ತಡವಾದರೂ ಇಡೀ ಕಟ್ಟಡ ಒಂದು ದಿನ ತಡ. ಆದರೆ ಕೆಳಗಿನ ಮಹಡಿಯ ಗೋಡೆ ಕೆಲಸ ನಾಲ್ಕು ದಿನ ಹಿಂದೆ ಬಿದ್ದರೆ ಅಷ್ಟೇನೂ ನಷ್ಟವಿಲ್ಲ. ಅದಕ್ಕೆ ‘ಫ್ಲೋಟ್’ ಇದೆ, ಅಂದರೆ ಜಗ್ಗಾಡಲು ಜಾಗವಿದೆ. ಹೀಗೆ ಸ್ವಲ್ಪವೂ ಜಗ್ಗದ ಕೆಲಸಗಳ ಸರಪಳಿಯೇ ಕ್ರಿಟಿಕಲ್ ಪಾತ್. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿ ತನ್ನ ರಾಸಾಯನಿಕ ಕಾರ್ಖಾನೆಗಳಿಗಾಗಿ ರೆಮಿಂಗ್ಟನ್ ರ‍್ಯಾಂಡ್ ಜತೆ ಸೇರಿ ಈ ಲೆಕ್ಕವನ್ನು ರೂಪಿಸಿತು. ಮರುವರ್ಷವೇ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗೆ ‘ಪರ್ಟ್’ ಎಂಬ ಅದರ ಸೋದರ ವಿಧಾನವನ್ನು ಬಳಸಿತು. ಇಂದು ಎಂಎಸ್ ಪ್ರಾಜೆಕ್ಟ್, ಪ್ರೈಮಾವೆರಾಗಳಲ್ಲಿ ಕೆಂಪು ಬಣ್ಣದಲ್ಲಿ ಕಾಣುವ ಗೆರೆ ಇದೇ.

ನನ್ನ ಲೆಕ್ಕದ ಪ್ರಕಾರ ಹನ್ನೆರಡು ದಿನಕ್ಕೊಂದು ಸ್ಲ್ಯಾಬು. ಡಿಸೆಂಬರ್ ಕೊನೆಯವರೆಗೂ ಎಲ್ಲವೂ ಚಾರ್ಟ್ ಹೇಳಿದಂತೆಯೇ ನಡೆಯಿತು. ನನಗೆ ಸ್ವಲ್ಪ ಜಂಭವೂ ಬಂದಿತ್ತು.

ಹದಿನಾಲ್ಕು ಜನ, ಒಂಬತ್ತು ದಿನ

ಜನವರಿ 12ರ ಬೆಳಿಗ್ಗೆ ಸೈಟಿಗೆ ಬಂದರೆ ಕಂಬಿ ಕಟ್ಟುವ ಗ್ಯಾಂಗಿನ ಹದಿನಾಲ್ಕು ಜನ ಬ್ಯಾಗು ಹೆಗಲಿಗೇರಿಸಿ ನಿಂತಿದ್ದರು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ಐದನೇ ಮಹಡಿಯ ಕಂಬಿ ಅರ್ಧಕ್ಕೆ ನಿಂತಿತ್ತು. ‘ಮೊದಲೇ ಹೇಳಬಾರದಿತ್ತಾ ಅಣ್ಣಾ?’ ಎಂದು ಮೇಸ್ತ್ರಿ ಮೇಲೆ ರೇಗಿದೆ. ಅವರು ನನ್ನ ಶೆಡ್ಡಿನ ಗೋಡೆಯ ಕಡೆ ಕೈ ತೋರಿಸಿದರು.

‘ಜಾತ್ರಿ ವರ್ಸಾ ಬರತೈತ್ರಿ ಸರ. ಅಷ್ಟ ದೊಡ್ಡ ಕಾಗದದಾಗ ಎಲ್ಲಾ ಬರದೀರಿ, ನಮ್ಮ ಮಲ್ಲಯ್ಯನ ಜಾತ್ರಿ ಎಲ್ಲೈತ್ರಿ ಅದರಾಗ?’

ನನ್ನ ಬಳಿ ಉತ್ತರವಿರಲಿಲ್ಲ. ಸರ್ಕಾರಿ ರಜೆಗಳನ್ನೆಲ್ಲ ಸಾಫ್ಟ್‌ವೇರಿಗೆ ತುಂಬಿದ್ದೆ. ಗಣರಾಜ್ಯೋತ್ಸವವೂ ಇತ್ತು. ಆದರೆ ಕೆಲಸ ಮಾಡುವವರ ಊರು ಯಾವುದು, ಅವರು ಯಾವಾಗ ಊರಿಗೆ ಹೋಗುತ್ತಾರೆ ಎಂದು ಯಾರನ್ನೂ ಕೇಳಿರಲಿಲ್ಲ. ಅವರು ಮರಳಿದ್ದು 21ರಂದು. ಒಂಬತ್ತು ದಿನ ನಷ್ಟ, ಅದೂ ಕೆಂಪು ಗೆರೆಯ ಮೇಲೆಯೇ.

2016ರ ರೇರಾ ಕಾಯ್ದೆ ಬಂದ ಮೇಲೆ ಕಟ್ಟಡ ಮುಗಿಸುವ ದಿನಾಂಕವನ್ನು ನೋಂದಣಿ ಮಾಡುವಾಗಲೇ ಘೋಷಿಸಬೇಕು. ಒಪ್ಪಂದದ ದಿನ ಮೀರಿದರೆ ಮನೆ ಕೊಂಡವರಿಗೆ ಬಡ್ಡಿ ಕೊಡಬೇಕಾಗುತ್ತದೆ. ಹಾಗಾಗಿ ಒಂಬತ್ತು ದಿನ ಎಂದರೆ ಬರೀ ಒಂಬತ್ತು ದಿನವಲ್ಲ. ಮೇಲಧಿಕಾರಿ ನನ್ನನ್ನು ಕರೆದು, ‘ಆ ಒಂಬತ್ತು ದಿನ ವಾಪಸ್ ಬೇಕು. ಹೇಗೆ ಅನ್ನೋದು ನಿಮ್ಮ ತಲೆನೋವು’ ಎಂದರು.

ಒಂದು ಕೀಲಿಯ ಕೆಲಸ

ಅಂದು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತೆ. ನಮ್ಮಲ್ಲಿದ್ದದ್ದು ಎರಡು ಸೆಟ್ ಸೆಂಟ್ರಿಂಗ್ ಶೀಟು, ಜಾಕಿ. ಐದನೇ ಮಹಡಿಯಲ್ಲಿ ಬಿಚ್ಚಿದರೆ ಏಳಕ್ಕೆ, ಆರರಲ್ಲಿ ಬಿಚ್ಚಿದರೆ ಎಂಟಕ್ಕೆ. ಬೀಮಿನ ಕೆಳಗಿನ ಜಾಕಿ ಹದಿನಾಲ್ಕು ದಿನ ನಿಲ್ಲಬೇಕು ಎಂದು ಬರೆದಿದ್ದೆ. ಅದನ್ನು ಅಳಿಸಿ ಹತ್ತು ಮಾಡಿದೆ. ಹನ್ನೆರಡು ದಿನದ ಸ್ಲ್ಯಾಬು ಒಂಬತ್ತಕ್ಕೆ ಇಳಿಯಿತು. ಮೂರು ಮಹಡಿಗೆ ಮೂರು ಮೂರು ದಿನ ಉಳಿದರೆ ಒಂಬತ್ತು. ಗುಂಡಿ ಒತ್ತಿದ ತಕ್ಷಣ ಮುಕ್ತಾಯದ ದಿನಾಂಕ ಮತ್ತೆ ಮೊದಲಿನ ಜಾಗಕ್ಕೆ ಬಂದು ಕೂತಿತು. ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಹೊಸ ಚಾರ್ಟ್ ವಿವರಿಸುತ್ತಿದ್ದಾಗ ಸೆಂಟ್ರಿಂಗ್‌ನವರು ಮಾತಾಡಲಿಲ್ಲ. ಮಾತಾಡಿದವರು ಅದೇ ಕಂಬಿ ಮೇಸ್ತ್ರಿ. ‘ಹತ್ತ ದಿನಕ್ಕ ಜಾಕಿ ತಗದ್ರ ಕೆಳಗ ಅಡ್ಡಾಡೋರು ನಮ್ಮ ಹುಡುಗ್ರು ಸರ. ಕಂಪ್ಯೂಟರಿಗಿ ಏನ್ ಬೀಳತೈತ್ರಿ ತಲಿ ಮ್ಯಾಲ?’

ಶೆಡ್ಡಿಗೆ ಬಂದು ಬಾಗಿಲು ಹಾಕಿಕೊಂಡು ಐಎಸ್ 456 ತೆಗೆದೆ. ಕಾಂಕ್ರೀಟಿನ ಭಾರತೀಯ ಮಾನಕ ಸಂಹಿತೆ ಅದು. ಮಾಮೂಲಿ ಸಿಮೆಂಟಿನ ಕಾಂಕ್ರೀಟಿಗೆ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ: ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನ ಜಾಕಿ 7 ದಿನ, ಅದಕ್ಕಿಂತ ಉದ್ದವಿದ್ದರೆ 14, ಆರು ಮೀಟರ್‌ವರೆಗಿನ ಬೀಮಿಗೆ 14, ಅದಕ್ಕೂ ಮೀರಿದರೆ 21. ನಮ್ಮ ಬೀಮು ಐದೂವರೆ ಮೀಟರ್. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ಪಡೆದಿದ್ದೆ. ಅದೇ ಸಂಖ್ಯೆಯನ್ನು ಪ್ರೊಬೇಷನ್ನಿನ ಭಯಕ್ಕೆ ರಾತ್ರೋರಾತ್ರಿ ಅಳಿಸಿದ್ದೆ. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ. ತಪ್ಪು ನನ್ನದೇ.

ಅಂದು ಕಲಿತ ಪಾಠ ಇದು: ಯೋಜನೆಯಲ್ಲಿ ಎರಡು ಬಗೆಯ ದಿನಗಳಿರುತ್ತವೆ. ಕೆಲವನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಹತ್ತು ಜನರ ಬದಲು ಹದಿನೈದು ಜನರನ್ನು ಹಾಕಿದರೆ ಕಂಬಿ ಕೆಲಸ ಬೇಗ ಮುಗಿಯುತ್ತದೆ. ಇದನ್ನೇ ‘ಕ್ರ್ಯಾಶಿಂಗ್’ ಎನ್ನುತ್ತಾರೆ. ಆದರೆ ಕಾಂಕ್ರೀಟ್ ಗಟ್ಟಿಯಾಗುವ ದಿನಗಳು ಹಾಗಲ್ಲ. ನೂರು ಜನ ಸುತ್ತ ನಿಂತರೂ ಅದು ತನ್ನ ಪಾಡಿಗೆ ತಾನು ಗಟ್ಟಿಯಾಗುತ್ತದೆ. ಎಂ25 ಎಂದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ತಾಳುವ ಕಾಂಕ್ರೀಟ್; ಏಳನೇ ದಿನಕ್ಕೆ ಅದರ ಶಕ್ತಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಸಾಫ್ಟ್‌ವೇರಿಗೆ ಈ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೆ ಎರಡೂ ಒಂದು ಅಂಕಿ ಅಷ್ಟೇ. ಆ ವ್ಯತ್ಯಾಸ ತಿಳಿದಿರಲಿ ಎಂದೇ ಎಂಜಿನಿಯರಿಗೆ ಸಂಬಳ ಕೊಡುವುದು.

ಜಾಕಿಯ ದಿನಗಳನ್ನು ಮತ್ತೆ ಹದಿನಾಲ್ಕಕ್ಕೆ ತಂದೆ. ನಂತರ ಇನ್ನೊಂದು ದಾರಿ ಹುಡುಕಿದೆ. ಮೂರನೇ ಸೆಟ್ ಶೀಟು, ಜಾಕಿ ಬಾಡಿಗೆಗೆ ತಂದರೆ ಹಳೆಯದನ್ನು ಬಿಚ್ಚದೆಯೇ ಮೇಲಿನ ಮಹಡಿ ಶುರು ಮಾಡಬಹುದು. ಬಾಡಿಗೆ, ಹೆಚ್ಚುವರಿ ಕೂಲಿ ಎಷ್ಟು, ಒಂಬತ್ತು ದಿನ ತಡವಾದರೆ ಖರ್ಚೆಷ್ಟು ಎಂದು ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದೆ. ಮೇಲಧಿಕಾರಿಯ ಮುಂದೆ ಹೋಗಿ ಮೊದಲು ರಾತ್ರಿ ಮಾಡಿದ ತಪ್ಪನ್ನು ಒಪ್ಪಿಕೊಂಡೆ, ಆಮೇಲೆ ಹಾಳೆ ಕೊಟ್ಟೆ. ಕಾಲು ನಡುಗುತ್ತಿತ್ತು. ಅವರು ಬಹಳ ಹೊತ್ತು ನೋಡಿ, ‘ಬಾಡಿಗೆ ಸೆಟ್ ಯಾವತ್ತು ಬರುತ್ತೆ?’ ಎಂದಷ್ಟೇ ಕೇಳಿದರು.

ಅದು ಬರುವಷ್ಟರಲ್ಲಿ ಒಂದು ಮಹಡಿ ಹಳೆಯ ವೇಗದಲ್ಲೇ ಮುಗಿದಿತ್ತು. ಒಂಬತ್ತರಲ್ಲಿ ಆರು ದಿನ ವಾಪಸ್ ಬಂದವು. ಮೂರು ದಿನ ಬರಲೇ ಇಲ್ಲ. ಆ ಮೂರು ದಿನ ಇಂದಿಗೂ ನನ್ನ ಹೆಸರಿನಲ್ಲೇ ಇವೆ.

ಸೋಮವಾರದ ಚಹಾ

ಅದಾದ ಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಚಹಾ ಹೊತ್ತಿಗೆ ಎಲ್ಲ ಮೇಸ್ತ್ರಿಗಳು, ಎಲೆಕ್ಟ್ರಿಷಿಯನ್, ಪ್ಲಂಬರ್ ಒಟ್ಟಿಗೆ ಸೇರುವ ರೂಢಿ ಮಾಡಿದೆವು. ಈ ವಾರ ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಏನು ಮಾಡಬಲ್ಲಿರಿ ಎಂದು ಕೇಳುತ್ತೇನೆ. ಇದು ನನ್ನ ಕಲ್ಪನೆಯಲ್ಲ. 1990ರ ದಶಕದಲ್ಲಿ ಅಮೆರಿಕದ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೋವೆಲ್ ರೂಪಿಸಿದ ‘ಲಾಸ್ಟ್ ಪ್ಲ್ಯಾನರ್’ ವಿಧಾನ. ಕೆಲಸಕ್ಕೆ ನಿಜವಾಗಿ ಕೈ ಹಚ್ಚುವ ತಂಡದ ಮುಖ್ಯಸ್ಥನೇ ಕೊನೆಯ ಯೋಜಕ ಎನ್ನುವುದು ಅದರ ತಿರುಳು. ಒಪ್ಪಿಕೊಂಡ ಕೆಲಸಗಳಲ್ಲಿ ಮುಗಿದದ್ದು ಶೇಕಡಾ ಎಷ್ಟು ಎಂದು ವಾರದ ಕೊನೆಗೆ ಲೆಕ್ಕ ಹಾಕಬೇಕು. ಮೊದಲ ವಾರ ನಮ್ಮದು ಇಪ್ಪತ್ತರಲ್ಲಿ ಹನ್ನೊಂದು. ಉಳಿದ ಒಂಬತ್ತು ಯಾಕೆ ಆಗಲಿಲ್ಲ ಎಂದು ಬರೆದಾಗ ಗೊತ್ತಾಯಿತು: ಕೆಲಸಗಾರರ ಸೋಮಾರಿತನ ಎಂಬ ಕಾರಣ ಒಂದೂ ಇರಲಿಲ್ಲ. ಡ್ರಾಯಿಂಗ್ ಬಂದಿರಲಿಲ್ಲ, ಕವರ್ ಬ್ಲಾಕ್ ಖಾಲಿಯಾಗಿತ್ತು, ಕರೆಂಟ್ ಪೈಪಿನವರಿಗೆ ಯಾರೂ ಹೇಳಿರಲಿಲ್ಲ. ಎಲ್ಲವೂ ಶೆಡ್ಡಿನಲ್ಲಿ ಕೂತ ನಮ್ಮಂಥವರದೇ ಲೋಪ.

ಕೊಂಕಣ ರೈಲ್ವೆ ಕಟ್ಟುವಾಗ ಇ. ಶ್ರೀಧರನ್ ಅವರು ಉಳಿದ ದಿನಗಳನ್ನು ತೋರಿಸುವ ಹಿಮ್ಮುಖ ಗಡಿಯಾರಗಳನ್ನು ಇಡಿಸಿದ್ದರು. ಸಹ್ಯಾದ್ರಿಯ ಸುರಂಗ, ಸೇತುವೆಗಳನ್ನು ದಾಟಿ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಹಳಿ 1998ರಲ್ಲಿ ಪೂರ್ತಿ ತೆರೆದುಕೊಂಡಿತು. ಗಡಿಯಾರ ಕೆಲಸ ಮಾಡಿದ್ದು ಅದು ಎಲ್ಲರ ಕಣ್ಣಿಗೂ ಕಾಣುತ್ತಿದ್ದುದರಿಂದ ಎಂದು ನನಗೆ ಈಗ ಅನಿಸುತ್ತದೆ. ನನ್ನ ಚಾರ್ಟ್ ಮಾತ್ರ ನನ್ನೊಬ್ಬನ ಲ್ಯಾಪ್‌ಟಾಪ್‌ನಲ್ಲಿತ್ತು.

ಕೆಲಸ ಹುಡುಕುತ್ತಿರುವವರಿಗೆ

ಸಿವಿಲ್ ಓದಿ ಈ ದಾರಿಗೆ ಬರಬೇಕೆಂದಿರುವ ಗೆಳೆಯರಿಗೆ ನನ್ನ ಅನುಭವದ ನಾಲ್ಕು ಮಾತು. ಎಂಎಸ್ ಪ್ರಾಜೆಕ್ಟ್ ಅಥವಾ ಪ್ರೈಮಾವೆರಾ, ಜತೆಗೆ ಎಕ್ಸೆಲ್ ಕಲಿಯಿರಿ, ಸಂದರ್ಶನದಲ್ಲಿ ಕೇಳುತ್ತಾರೆ. ಡ್ರಾಯಿಂಗ್ ಓದಲು, ಕಂಬಿಯ ಲೆಕ್ಕ ಬರೆಯಲು ಬಂದರೆ ಸೈಟಿನಲ್ಲಿ ಮರ್ಯಾದೆ ಸಿಗುತ್ತದೆ. ಪಿಎಂಪಿ ಸರ್ಟಿಫಿಕೇಟಿಗೆ ಪದವಿಯ ಜತೆ 36 ತಿಂಗಳು ಯೋಜನೆ ಮುನ್ನಡೆಸಿದ ಅನುಭವ ಬೇಕು. ಹಾಗಾಗಿ ಈಗಷ್ಟೇ ಪದವಿ ಮುಗಿಸಿದವರು ಅದರ ಹಿಂದೆ ಬಿದ್ದು ದುಡ್ಡು ಕಳೆಯಬೇಡಿ. ಅವರಿಗೆ ಸಿಎಪಿಎಂ ಎಂಬ ಪರೀಕ್ಷೆ ಇದೆ. ಮೊದಲ ಎರಡು ವರ್ಷ ಎಸಿ ಕಚೇರಿಗಿಂತ ಸೈಟನ್ನೇ ಆರಿಸಿಕೊಳ್ಳಿ. ದಿನಾ ಡೈರಿ ಬರೆಯಿರಿ: ಇಂದು ಎಷ್ಟು ಜನ ಬಂದರು, ಎಷ್ಟು ಕೆಲಸವಾಯಿತು. ಮುಂದಿನ ಚಾರ್ಟಿಗೆ ಬೇಕಾದ ಅಂಕಿ ಅದರಲ್ಲಿ ಸಿಗುವಷ್ಟು ಸರಿಯಾಗಿ ಬೇರೆಲ್ಲೂ ಸಿಗುವುದಿಲ್ಲ.

ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಯಿತು. ಈಗ ಬೇರೆ ಸೈಟಿನಲ್ಲಿದ್ದೇನೆ. ಹೊಸ ಚಾರ್ಟ್ ಮಾಡುವ ಮುನ್ನ ಒಂದು ದಿನ ಪೂರ್ತಿ ಲ್ಯಾಪ್‌ಟಾಪ್ ತೆರೆಯಲಿಲ್ಲ. ಒಂದು ನೋಟ್‌ಬುಕ್ ಹಿಡಿದು ಪ್ರತಿ ಗ್ಯಾಂಗಿನ ಬಳಿ ಹೋಗಿ, ‘ನಿಮ್ಮೂರು ಯಾವುದು? ಜಾತ್ರೆ ಯಾವಾಗ?’ ಎಂದು ಕೇಳಿಕೊಂಡು ಬಂದೆ. ಬಿಹಾರದವರು ಛಟ್ ಪೂಜೆ ಎಂದರು, ಬಂಗಾಳದ ಹುಡುಗರು ಈದ್ ಎಂದರು, ರಾಯಚೂರಿನವರು ಭತ್ತದ ಕೊಯ್ಲು ಎಂದರು. ಎಲ್ಲವನ್ನೂ ಬರೆದುಕೊಂಡೆ. ಕಂಬಿ ಕೆಲಸಕ್ಕೆ ಹಳೆಯ ಮೇಸ್ತ್ರಿಯೇ ಬಂದಿದ್ದಾರೆ. ಅವರನ್ನು ಕೇಳಲಿಲ್ಲ. ಜನವರಿಯ ಸಾಲಿನಲ್ಲಿ ಮೊದಲೇ ಬರೆದಿಟ್ಟಿದ್ದೆ: ಮೈಲಾಪುರ, ಒಂಬತ್ತು ದಿನ.