ಕೆಎ ಬ್ಯಾಂಡ್ ಕೂಗಿದರೆ ಕಾಲು ಎತ್ತಿ, ಬ್ರೇಕ್ ಒತ್ತಬೇಡಿ

ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ನಾವು ದಿನಸಿ ತರುವ ಅಂಗಡಿಯತ್ತ ಕಾರು ತಿರುಗಿಸಿದರೆ ಸಾಕು, ಮುಂದಿನ ಗಾಜಿಗೆ ಅಂಟಿಸಿದ ರೇಡಾರ್ ಡಿಟೆಕ್ಟರ್ ‘ಕೆ ಬ್ಯಾಂಡ್’ ಎಂದು ಕೂಗತೊಡಗುತ್ತದೆ. ಸುತ್ತ ಪೊಲೀಸರು ಯಾರೂ ಇರುವುದಿಲ್ಲ. ಗಿರಾಕಿ ಬಂದಾಗ ತಾನಾಗಿ ತೆರೆದುಕೊಳ್ಳುವ ಬಾಗಿಲಿನ ಸೆನ್ಸರ್ ಕೂಡ 24 ಗಿಗಾಹರ್ಟ್ಸ್ ಆಸುಪಾಸಿನ ಅಲೆಯನ್ನೇ ಬಿಡುತ್ತದೆ, ಪೊಲೀಸರು ವೇಗ ಅಳೆಯುವ ಕೆ ಬ್ಯಾಂಡ್ ರೇಡಾರ್ ಗನ್ನಿನ ಹಾಗೆಯೇ. ಡಿಟೆಕ್ಟರಿಗೆ ಅಲೆ ಗೊತ್ತಾಗುತ್ತದೆ, ಬಿಟ್ಟವರು ಯಾರೆಂದು ಗೊತ್ತಾಗುವುದಿಲ್ಲ. ಅದನ್ನು ಊಹಿಸಬೇಕಾದವರು ನಾವು.

ಗನ್ನಿನ ಅಲೆ ಓಡುವ ಕಾರಿಗೆ ಬಡಿದು, ತುಸು ಬದಲಾದ ಆವರ್ತನದಲ್ಲಿ ವಾಪಸಾಗುತ್ತದೆ. ಆ ವ್ಯತ್ಯಾಸದಿಂದಲೇ ವೇಗದ ಲೆಕ್ಕ ಸಿಗುವುದು. ಇದೇ ಡಾಪ್ಲರ್ ಪರಿಣಾಮ. ಗನ್ನಿಗೆ ಅಲೆ ಹೋಗಿ ಬರಬೇಕು, ನಮಗೆ ಬಂದರೆ ಸಾಕು. ಕತ್ತಲಲ್ಲಿ ಟಾರ್ಚ್ ಹಿಡಿದವನಿಗೆ ನಾವು ಕಾಣುವ ಮೊದಲೇ ಅವನ ಬೆಳಕು ನಮಗೆ ಕಾಣುತ್ತದಲ್ಲ, ಹಾಗೆ.

ಬ್ಯಾಂಡ್ ಎಂದರೆ ಗನ್ನಿನ ಆವರ್ತನದ ಪಟ್ಟಿ; ಅವುಗಳಲ್ಲಿ ಈಗ ಎಕ್ಸ್ ಬ್ಯಾಂಡ್ ಬಳಸುವ ಪೊಲೀಸರು ಅಪರೂಪ. ಕೆ ಬ್ಯಾಂಡಿನಲ್ಲಿ ಸುಳ್ಳು ಕೂಗು ಹೆಚ್ಚು, ಏಕೆಂದರೆ ಪಕ್ಕದ ಕಾರುಗಳ ಬ್ಲೈಂಡ್ ಸ್ಪಾಟ್ ಸೆನ್ಸರುಗಳೂ ಅದರಲ್ಲೇ ಕೆಲಸ ಮಾಡುತ್ತವೆ. ಒಂದು ಎಸ್‌ಯುವಿ ಪಕ್ಕಕ್ಕೆ ಬಂದಾಗ ಕೂಗು ಏರಿ, ಅದು ಮುಂದೆ ಹೋದ ಮೇಲೆ ಇಳಿದರೆ ಮೂಲ ಬಹುಮಟ್ಟಿಗೆ ಅದೇ. ಕೆಎ ಬ್ಯಾಂಡ್ ಹಾಗಲ್ಲ. ಡಿಟೆಕ್ಟರಿನ ಪರದೆಯ ಮೇಲೆ 33.8, 34.7 ಅಥವಾ 35.5 ಗಿಗಾಹರ್ಟ್ಸ್‌ನ ಹತ್ತಿರದ ಅಂಕಿ ಬಂದರೆ ನಾನು ಪೊಲೀಸರೆಂದೇ ಎಣಿಸುತ್ತೇನೆ.

ಅಂಕಿಗಿಂತಲೂ ಮುಖ್ಯ, ಕೂಗು ಬೆಳೆಯುವ ರೀತಿ. ನಿಧಾನವಾಗಿ ಬಲವಾಗುತ್ತ ಬಂದರೆ ಎಲ್ಲೋ ಮುಂದೆ ಗನ್ ಸತತವಾಗಿ ಚಾಲೂ ಇದೆ. ಒಂದೆರಡು ಸಲ ಸಣ್ಣಗೆ ಕೂಗಿ ಸುಮ್ಮನಾದರೆ ಅದನ್ನು ಕಡೆಗಣಿಸಬಾರದು. ಪೊಲೀಸರು ಗನ್ನನ್ನು ತಡೆದು ಇಟ್ಟುಕೊಂಡು, ಬೇಕಾದ ಕಾರು ಬಂದಾಗ ಮಾತ್ರ ಒತ್ತುತ್ತಿರಬಹುದು. ನಮಗೆ ಸಿಕ್ಕಿದ್ದು ಮುಂದಿನ ಕಾರಿಗೆ ಬಿಟ್ಟ ಅಲೆಯ ಚೂರು. ಮುನ್ಸೂಚನೆಯೇ ಇಲ್ಲದೆ ಒಮ್ಮೆಲೇ ಪೂರ್ತಿ ಬಲದಲ್ಲಿ ಅರಚಿದರೆ ಅಳೆದದ್ದು ಬಹುಶಃ ನಮ್ಮನ್ನೇ. ಪೊಲೀಸರ ಲೇಸರ್ ಗನ್ನಿಗೆ ಡಿಟೆಕ್ಟರ್ ಕೂಗುವುದೂ ಅಷ್ಟೇ ತಡ. ಅದರ ಕಿರಣ 300 ಮೀಟರ್ ದೂರದಲ್ಲೂ ಸುಮಾರು ಒಂದು ಮೀಟರಷ್ಟೇ ಅಗಲ, ಹಾಗಾಗಿ ಮುಂದಿನ ಕಾರಿಗೆ ಬಿಟ್ಟದ್ದು ನಮಗೆ ತಲುಪುವುದು ಕಡಿಮೆ.

ಕೂಗಿದ ಕೂಡಲೇ ಬ್ರೇಕ್ ತುಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಐ-40 ಹೆದ್ದಾರಿಯಲ್ಲಿ ನನ್ನ ಮುಂದಿನ ಕಾರೊಂದು ಖಾಲಿ ಲೇನಿನಲ್ಲಿ ಹಾಗೆ ಮೂಗು ಕುಸಿದು ನಿಧಾನಿಸಿದಾಗ ಬಲಗಡೆಯ ಟ್ರಕ್ಕಿನವನು ಹಾರ್ನ್ ಒತ್ತಿ ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ಆಕ್ಸಿಲರೇಟರಿನಿಂದ ಕಾಲು ಎತ್ತಿ, ಹಿಂದಿನ ಕನ್ನಡಿ ನೋಡಿ, ವೇಗ ತಾನಾಗಿ ಇಳಿಯಲು ಬಿಡಿ. ಮಿತಿಯಲ್ಲೇ ಹೋಗುತ್ತಿದ್ದರೆ ಅದೂ ಬೇಕಿಲ್ಲ.

ನನ್ನ ತಂಗಿ ಇರುವುದು ವರ್ಜೀನಿಯಾದ ಫೇರ್‌ಫ್ಯಾಕ್ಸಿನಲ್ಲಿ. ಅಲ್ಲಿಗೆ ಹೋಗುವಾಗ ವರ್ಜೀನಿಯಾ ಗಡಿಗೆ ಮೊದಲೇ, ಹೆಂಡರ್ಸನ್ನಿನ ಗ್ಯಾಸ್ ಸ್ಟೇಷನ್ನಿನಲ್ಲಿ, ವೈರ್ ಕಿತ್ತು ಡಿಟೆಕ್ಟರನ್ನು ಡಿಕ್ಕಿಗೆ ಹಾಕುತ್ತೇನೆ. ವರ್ಜೀನಿಯಾದಲ್ಲೂ ವಾಷಿಂಗ್ಟನ್ ಡಿ.ಸಿ.ಯಲ್ಲೂ ಕಾರಿನಲ್ಲಿ ಅದನ್ನು ಬಳಸುವಂತಿಲ್ಲ. ವೇಗದ ಕಾನೂನೂ ಬಿಗಿ: ಗಂಟೆಗೆ 85 ಮೈಲಿ ದಾಟಿದರೆ ವರ್ಜೀನಿಯಾದಲ್ಲಿ ಅದು ಬರೀ ದಂಡದ ಮಾತಲ್ಲ, ಜೈಲಿಗೂ ಅವಕಾಶವಿರುವ ಕ್ರಿಮಿನಲ್ ಅಪರಾಧ. ಡಿಟೆಕ್ಟರನ್ನು ಬಚ್ಚಿಟ್ಟು ಬಳಸುತ್ತೇನೆ ಎನ್ನುವವರಿಗೆ ಒಂದು ಮಾತು: ಡಿಟೆಕ್ಟರ್ ಒಳಗಿನ ಸರ್ಕ್ಯೂಟಿನಿಂದಲೂ ಒಂದಿಷ್ಟು ಅಲೆ ಹೊರಗೆ ಸೋರುತ್ತದೆ, ಅದನ್ನು ಹಿಡಿಯುವ ಸಾಧನವೂ ಪೊಲೀಸರಿಗೆ ಸಿಗುತ್ತದೆ.